ಅಂಜದೀವದಿಂದ ಬೇಲೇಕೇರಿಗೆ: ಕಾವಲಿನಲ್ಲೇ ಹುಟ್ಟಿದ ಕಳ್ಳದಾರಿ

ಅರಸೀಕೆರೆಯ ಪಕ್ಕದ ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತಿ ನಿಂತವರಿಗೆ ತೆಂಗಿನ ತೋಟ, ರಾಗಿ ಹೊಲ, ದೂರದ ಗುಡ್ಡಸಾಲು ಕಾಣುತ್ತವೆಯೇ ಹೊರತು ಕಡಲು ಕಾಣುವುದಿಲ್ಲ. ಕಡಲಿರುವುದು ಘಟ್ಟದ ಕೆಳಗೆ, ಹೇರೆತ್ತುಗಳ ಕಾಲದಲ್ಲಿ ಹಲವು ದಿನಗಳ ದಾರಿ. ಹಾಗಿದ್ದೂ ಈ ಸೀಮೆಗೆ ಕಡಲಿನ ವ್ಯವಹಾರ ಪರಕೀಯವಾಗಿರಲಿಲ್ಲ. ಹೊಯ್ಸಳರ ಕಾಲದ ಅರಸೀಕೆರೆ ದೊಡ್ಡ ವರ್ತಕರ ಪಟ್ಟಣ. ಅಲ್ಲಿನ ಶಾಸನಗಳಲ್ಲಿ ಮಲೆಯಾಳದಿಂದ ಬಂದು ನೆಲೆಸಿದ ಸೆಟ್ಟಿಗಳ ಹೆಸರಿದೆ. ಹಡಗಿನಲ್ಲಿ ಕುದುರೆ, ಆನೆ, ಮುತ್ತು ತರಿಸಿ ಅರಸರಿಗೆ ಮಾರುತ್ತಿದ್ದವರ ಹೊಗಳಿಕೆಯಿದೆ. ದೋರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಲಾಯ ಸೇರಿದ ಅರಬ್ಬೀ ಕುದುರೆ ಯಾವುದೋ ಬಂದರದ ಸುಂಕದ ಕಟ್ಟೆ ದಾಟಿಯೇ ಬಂದದ್ದು. ಬೇಲೂರಿನಾಚೆಯ ಮಲೆನಾಡಿನ ಮೆಣಸು ಪರದೇಶಕ್ಕೆ ಹೋಗಬೇಕಾದರೂ ಘಟ್ಟವಿಳಿದು ಅಂಥದೇ ಕಟ್ಟೆ ದಾಟಬೇಕಿತ್ತು. ಆದ್ದರಿಂದ ಬಂದರದ ಲಂಚ, ಕಳ್ಳಸಾಗಣೆಗಳೆಲ್ಲ ಕರಾವಳಿಯವರ ಪಾಡು ಎಂದು ಒಳನಾಡು ಕೈತೊಳೆದುಕೊಳ್ಳುವಂತಿಲ್ಲ. ಕಾರವಾರದ ಎದುರಿನ ಅಂಜದೀವ ದ್ವೀಪದಿಂದ ಹೊನ್ನಾವರ, ಭಟ್ಕಳ, ಬಸರೂರುಗಳವರೆಗೆ 16 ಮತ್ತು 17ನೇ ಶತಮಾನಗಳಲ್ಲಿ ನಡೆದ ಮೆಣಸಿನ ಕಳ್ಳಸಾಗಣೆಯನ್ನು ಕಾವಲಿನವರ ಕಣ್ಣು ತಪ್ಪಿಸಿ ನಡೆದದ್ದು ಎಂದು ಹೇಳುವುದು ವಾಡಿಕೆ. ಅದು ಕಾವಲಿನ ಏರ್ಪಾಡಿನಿಂದಲೇ ಹುಟ್ಟಿತೆಂದು ನನ್ನ ವಾದ.

ಮೊದಲು ಅಂಜದೀವ. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ, ಸಿಹಿನೀರಿನ ಆಸರೆಯಿದ್ದ ಸಣ್ಣ ದ್ವೀಪ. 1498ರಲ್ಲಿ ಕಲ್ಲೀಕೋಟೆಯಿಂದ ಹಿಂದಿರುಗುವಾಗ ವಾಸ್ಕೋ ಡ ಗಾಮ ಹಡಗು ರಿಪೇರಿಗೆಂದು ತಂಗಿದ್ದು ಇಲ್ಲಿ. 1505ರಲ್ಲಿ ಮೊದಲ ವೈಸ್‌ರಾಯ್ ಫ್ರಾನ್ಸಿಸ್ಕೋ ಡಿ ಅಲ್ಮೇಡ ಇಲ್ಲೊಂದು ಕೋಟೆ ಕಟ್ಟಿಸಿದ. ಅದೇ ವರ್ಷ ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿಯಿಟ್ಟ. ಎರಡು ವರ್ಷ ತುಂಬುವುದರೊಳಗೆ ಪೋರ್ಚುಗೀಸರೇ ಆ ಕೋಟೆಯನ್ನು ಕೆಡವಿ ಹೋದರು. ಕಲ್ಲು ಗಾರೆಯ ಕೋಟೆ ಬಿದ್ದರೂ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಕೋಟೆಯನ್ನು ಅವರು ಕಡಲಿನ ಮೇಲೆಯೇ ಕಟ್ಟಿದ್ದರು, ಅದೂ ಕಾಗದದಿಂದ. ಅದರ ಹೆಸರು ಕಾರ್ತಾಜ್. ನಮ್ಮ ಮಾತಿನಲ್ಲಿ ರಹದಾರಿ ಚೀಟಿ. 16ನೇ ಶತಮಾನದ ಮೊದಲ ವರ್ಷಗಳಿಂದಲೇ ಬಳಕೆಗೆ ಬಂದ ಈ ಚೀಟಿ ಇಲ್ಲದ ಹಡಗನ್ನು ಹಿಡಿಯಬಹುದು, ಸರಕು ದೋಚಬಹುದು. ಚೀಟಿ ಪಡೆದವನು ಪೋರ್ಚುಗೀಸ್ ಬಂದರಕ್ಕೆ ಬಂದು ಸುಂಕ ಕಟ್ಟಬೇಕು, ಮೆಣಸು ಹೇರಕೂಡದು. ಮೆಣಸು ಪೋರ್ಚುಗಲ್ ದೊರೆಯ ಸ್ವತ್ತು ಎಂಬುದು ಅವರ ಕಾನೂನು. ತಲೆತಲಾಂತರದಿಂದ ಕೆಂಪು ಸಮುದ್ರಕ್ಕೂ ಹೊರ್ಮುಜಿಗೂ ಮೆಣಸು ಕಳಿಸುತ್ತಿದ್ದ ನಮ್ಮ ಕರಾವಳಿಯ ಸೆಟ್ಟಿಗಳೂ ಭಟ್ಕಳದ ಕಡೆಯ ಮುಸ್ಲಿಂ ವರ್ತಕರಾದ ನವಾಯತರೂ ಒಂದು ಬೆಳಗಾಗುವುದರೊಳಗೆ ಕಳ್ಳಸಾಗಣೆಗಾರರಾದದ್ದು ಹೀಗೆ. ಅವರ ಸರಕೂ ಬದಲಾಗಿರಲಿಲ್ಲ, ದಾರಿಯೂ ಬದಲಾಗಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿ, ಕಳ್ಳಸಾಗಣೆ ಎಂಬುದು ಬಲಶಾಲಿ ಇಟ್ಟ ಹೆಸರು ಅಷ್ಟೇ ಎಂದುಬಿಡುವುದು ಸುಲಭ. ಹಲವರು ಹಾಗೆ ಹೇಳಿಯೂ ಇದ್ದಾರೆ. ಆದರೆ ಆ ಮಾತು ಅರ್ಧ ದೂರ ಮಾತ್ರ ಹೋಗುತ್ತದೆ. ಅಷ್ಟು ತೋಪು, ಅಷ್ಟು ಹಡಗು, ಅಷ್ಟು ಕ್ರೌರ್ಯ ಇದ್ದೂ ಆ ಕಾನೂನು ಯಾಕೆ ನಿಲ್ಲಲಿಲ್ಲ ಎಂಬುದನ್ನು ಅದು ವಿವರಿಸುವುದಿಲ್ಲ. ನಿಲ್ಲಲಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. 1560ರ ಹೊತ್ತಿಗೆ ಕೆಂಪು ಸಮುದ್ರದ ಹಳೆಯ ದಾರಿಯಲ್ಲಿ ಅಲೆಕ್ಸಾಂಡ್ರಿಯ ಸೇರಿ ವೆನಿಸ್ಸಿನವರ ಕೈಗೆ ಸಿಗುತ್ತಿದ್ದ ಮೆಣಸು, ಲಿಸ್ಬನ್ನಿಗೆ ಹೋಗುತ್ತಿದ್ದ ಮೆಣಸಿಗೆ ಸರಿಸಮವಾಗಿತ್ತು ಎನ್ನುತ್ತಾರೆ ಆ ಲೆಕ್ಕಗಳನ್ನು ಬಿಡಿಸಿದ ಇತಿಹಾಸಕಾರರು. ಅದರಲ್ಲಿ ಸುಮಾತ್ರದ ಸರಕೂ ಇತ್ತು, ನಮ್ಮ ಕರಾವಳಿಯದೂ ಇತ್ತು. ಆ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಫುಗರ್, ವೆಲ್ಸರ್ ಮನೆತನಗಳೂ ಸೇರಿ ಮೆಣಸಿನ ಗುತ್ತಿಗೆ ಹಿಡಿದಾಗ ವರ್ಷಕ್ಕೆ 30,000 ಕ್ವಿಂಟಲ್ ಸಾಗಿಸುವ ಕರಾರಿತ್ತು. ಆ ಗುರಿ ಮುಟ್ಟಲಾಗಲಿಲ್ಲ. ಮೆಣಸು ಬೆಳೆಯದೆ ಹೀಗಾದದ್ದಲ್ಲ. ಬೆಳೆದ ಮೆಣಸು ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು, ಆ ಬಾಗಿಲಿನ ಕೀಲಿ ಕಾವಲಿನವನ ಸೊಂಟದಲ್ಲಿತ್ತು.

ಕೀಲಿ ಅವನ ಕೈಗೆ ಬಂದ ಬಗೆಯಲ್ಲೇ ಇಡೀ ಕಥೆಯ ತಿರುಳಿದೆ. ಮೊದಲನೆಯದು ದರ. ಕೊಚ್ಚಿಯಲ್ಲಿ ಶತಮಾನದ ಆರಂಭದಲ್ಲಿ ಗೊತ್ತುಮಾಡಿದ ಖರೀದಿ ದರಕ್ಕೆ ಪೋರ್ಚುಗೀಸರು ದಶಕಗಳ ಕಾಲ ಅಂಟಿಕೊಂಡರು. ಸುತ್ತಲ ಮಾರುಕಟ್ಟೆ ಏರುತ್ತಾ ಹೋದರೂ ದೊರೆಯ ದರ ಕದಲಲಿಲ್ಲ. ಬೆಳೆದವನೂ ದಲ್ಲಾಳಿಯೂ ಇದಕ್ಕೆ ಕೊಟ್ಟ ಉತ್ತರ ಸಹಜವಾದದ್ದೇ: ಬಲಿಯದ, ಒಣಗದ, ಮಣ್ಣು ಬೆರೆತ ಮೆಣಸು ಪೋರ್ಚುಗೀಸ್ ಉಗ್ರಾಣಕ್ಕೆ, ಗಟ್ಟಿ ಕಾಳು ಹೆಚ್ಚು ಕೊಡುವವನಿಗೆ. ಕೆನರಾದ ಮೆಣಸು ತೂಕದಲ್ಲೂ ಗುಣದಲ್ಲೂ ಮೇಲೆಂದು ಹೆಸರಾಗಿತ್ತು. 1568ರಲ್ಲಿ ಮಂಗಳೂರು, 1569ರಲ್ಲಿ ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಹಾಕಿ ಅವರು ಈ ಕಡೆ ಮುಖಮಾಡಿದ್ದಕ್ಕೆ ಅದೂ ಒಂದು ಕಾರಣ. ಇಲ್ಲಿ ಕೊಚ್ಚಿಗಿಂತ ಹೆಚ್ಚಿನ ಬೆಲೆ ತೆರಬೇಕಾಯಿತು, ಏಕೆಂದರೆ ಇಲ್ಲಿನ ಮಾರಾಟಗಾರನಿಗೆ ಬೇರೆ ದಾರಿಗಳಿದ್ದವು: ಭಟ್ಕಳದ ಹಡಗು, ಮಲಬಾರಿನ ಪರಾವು ದೋಣಿ, ಅದೂ ಇಲ್ಲವಾದರೆ ಘಟ್ಟ ಹತ್ತಿ ಬಯಲುಸೀಮೆಗೆ ಹೋಗುವ ಎತ್ತಿನ ಹೇರು. ಕಡಲ ಮೇಲಿನ ತೋಪಿಗೆ ಘಟ್ಟದ ದಾರಿ ಎಟುಕುತ್ತಿರಲಿಲ್ಲ. ಬಂದರವನ್ನು ಬಿಗಿ ಮಾಡಿದಷ್ಟೂ ಬೆನ್ನ ಹಿಂದಿನ ಈ ದಾರಿಗಳು ತುಳಿದು ತುಳಿದು ಅಗಲವಾದವು.

ದರಕ್ಕಿಂತ ದೊಡ್ಡ ತೂತು ಹುದ್ದೆಯದು. ಗೋವೆಯ ಆಡಳಿತದಲ್ಲಿ ಕೋಟೆಯ ಕಪ್ತಾನಗಿರಿ ಸಾಮಾನ್ಯವಾಗಿ 3 ವರ್ಷದ್ದು. ದೊರೆ ಅದನ್ನು ಸೇವೆಗೆ ಇನಾಮಾಗಿ ಕೊಡುತ್ತಿದ್ದ. ಒಂದೊಂದು ಹುದ್ದೆಗೆ ಹಲವರಿಗೆ ಮಾತು ಕೊಟ್ಟು ಸರದಿಯಲ್ಲಿ ವರ್ಷಗಟ್ಟಲೆ ಕಾಯಿಸುತ್ತಿದ್ದ. ಗತಿಸಿದ ಸೇವಕನ ಮಗಳಿಗೆ ವರದಕ್ಷಿಣೆಯ ಬದಲು ಹುದ್ದೆಯನ್ನೇ ಬರೆದುಕೊಟ್ಟು, ಅವಳ ಕೈಹಿಡಿದವನು ಅದನ್ನು ಅನುಭವಿಸುವ ಪದ್ಧತಿಯೂ ಇತ್ತು. 17ನೇ ಶತಮಾನದ ಆರಂಭದಲ್ಲಿ ಬೊಕ್ಕಸ ಬರಿದಾದಾಗ ಹುದ್ದೆಗಳನ್ನು ಬಹಿರಂಗವಾಗಿ ಹರಾಜಿಗೇ ಇಟ್ಟರು. ಸಾಲ ಮಾಡಿ ಕಪ್ತಾನಗಿರಿ ಕೊಂಡವನು, ಇಲ್ಲವೇ ಅರ್ಧ ಆಯುಷ್ಯ ಕಾದು ಪಡೆದವನು, 3 ವರ್ಷದಲ್ಲಿ ಹಾಕಿದ್ದನ್ನು ತೆಗೆಯಬೇಕು, ಮುಂದಿನ ಬದುಕಿಗೂ ಕೂಡಿಡಬೇಕು. ಸಂಬಳದಿಂದ ಅದು ಆಗದ ಮಾತು. ಅವನ ಕೈಯಲ್ಲಿದ್ದ ಮಾರಬಹುದಾದ ಸರಕೆಂದರೆ ಅಧಿಕಾರವೊಂದೇ: ಚೀಟಿ ಕೊಡುವ ಅಧಿಕಾರ, ಹಡಗು ತಪಾಸಣೆ ಮಾಡುವ ಅಧಿಕಾರ, ತಪಾಸಣೆ ಮಾಡದಿರುವ ಅಧಿಕಾರ. ಮೊದಮೊದಲ ಹಡಗುಗಳಲ್ಲಿ ನಾವಿಕರಿಗೇ ಸಂಬಳದ ಭಾಗವಾಗಿ ಇಷ್ಟು ಕ್ವಿಂಟಲ್ ಸ್ವಂತ ಮೆಣಸು ಹೇರಿಕೊಳ್ಳಲು ಅನುಮತಿಯಿತ್ತು. ಅನುಮತಿಯ ಚೀಲ ಎಲ್ಲಿ ಮುಗಿಯಿತು, ಕಳ್ಳ ಚೀಲ ಎಲ್ಲಿ ಶುರುವಾಯಿತು ಎಂದು ಕತ್ತಲ ಗೋದಾಮಿನಲ್ಲಿ ಎಣಿಸುವವರು ಯಾರು?

ಇದನ್ನೆಲ್ಲ ಪೋರ್ಚುಗೀಸರ ವೈರಿಗಳು ಕಟ್ಟಿದ ಕಥೆ ಎಂದು ತಳ್ಳಿಹಾಕಲು ಬರುವುದಿಲ್ಲ. ಅತಿ ಕಟುವಾದ ಸಾಕ್ಷಿ ಅವರ ಮನೆಯೊಳಗಿನದೇ. ಸೈನಿಕನಾಗಿ ಬಂದು, ಗೋವೆಯ ದಫ್ತರಖಾನೆಯ ಮುಖ್ಯಸ್ಥನಾಗಿ, ಅಧಿಕೃತ ಇತಿಹಾಸಕಾರನಾಗಿ ಅಲ್ಲೇ ಸತ್ತ ದಿಯೋಗು ದು ಕೋತು, ಒಬ್ಬ ಅನುಭವಿ ಸೈನಿಕನ ಬಾಯಲ್ಲಿ ಈ ಆಡಳಿತದ ಹುಳುಕನ್ನೆಲ್ಲ ಹೇಳಿಸುವ ಸಂವಾದರೂಪದ ಗ್ರಂಥ ಬರೆದ. ಸತ್ತ ಸೈನಿಕರ ಹೆಸರಿನಲ್ಲಿ ಸಂಬಳ ಎತ್ತುವುದು, ದೊರೆಯ ಹಣವನ್ನು ಸ್ವಂತ ವ್ಯಾಪಾರಕ್ಕೆ ತಿರುಗಿಸುವುದು, ಅವಧಿ ಮುಗಿದಾಗ ನಡೆಯುವ ವಿಚಾರಣೆಯನ್ನು ನಾಟಕವಾಗಿಸುವುದು, ಎಲ್ಲವೂ ಅದರಲ್ಲಿದೆ. ಅವನು ಬದುಕಿರುವವರೆಗೆ ಆ ಗ್ರಂಥ ಅಚ್ಚಾಗಲಿಲ್ಲ. 1790ರವರೆಗೂ ಹಸ್ತಪ್ರತಿಯಾಗಿಯೇ ಉಳಿಯಿತು. ದಫ್ತರ ಕಾಯುವವನಿಗೇ ದಫ್ತರದ ಮೇಲೆ ನಂಬಿಕೆ ಹೋಗಿತ್ತು ಎಂಬುದು ನನ್ನ ಮಟ್ಟಿಗೆ ಯಾವ ಅಂಕಿಅಂಶಕ್ಕಿಂತಲೂ ತೂಕದ ಸಾಕ್ಷಿ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಕೊಡಲೇಬೇಕು. ಲಂಚ ಪೋರ್ಚುಗೀಸರು ತಂದ ರೋಗವೇ? ನಮ್ಮ ಅರಸರ ಸುಂಕದ ಕಟ್ಟೆಗಳೇನು ಶುದ್ಧವಾಗಿದ್ದವೇ? ಹಾಗೆಂದು ಯಾರೂ ಹೇಳಲಾರರು. ಕೌಟಿಲ್ಯನ ಅರ್ಥಶಾಸ್ತ್ರ ಅಧಿಕಾರಿಗಳು ಹಣ ಕಬಳಿಸುವ 40 ಬಗೆಗಳನ್ನು ಪಟ್ಟಿಮಾಡುತ್ತದೆ. ಅಷ್ಟು ಬಗೆ ಎಣಿಸಬೇಕಾದರೆ ಕಬಳಿಸುವವರೂ ಅಷ್ಟೇ ಇದ್ದಿರಬೇಕು. ಹೊನ್ನಾವರದ ತಿಮ್ಮಯ್ಯ ಕಡಲಿನಲ್ಲಿ ಹಡಗು ಅಡ್ಡಗಟ್ಟುತ್ತಿದ್ದವನು. 1510ರಲ್ಲಿ ಗೋವೆಯನ್ನು ಹಿಡಿಯಲು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನಿಗೆ ನೆರವಾಗಿ ಅಲ್ಲಿನ ಕಂದಾಯ ವಸೂಲಿಯ ಅಧಿಕಾರವನ್ನೇ ಪಡೆದ. ವಿಜಯನಗರದ ಸಾಳುವ ನರಸಿಂಹ ಕುದುರೆಗಳ ಆಸೆಗೆ, ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಅಂಥ ಏರ್ಪಾಡಿನಲ್ಲಿ ಮೋಸಕ್ಕೆ ಎಷ್ಟು ಜಾಗವಿತ್ತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ನಮ್ಮವರು ಒಳ್ಳೆಯವರು, ಪರಂಗಿಯವರು ಕೆಟ್ಟವರು ಎಂಬುದು ನನ್ನ ವಾದವೇ ಅಲ್ಲ. ವ್ಯತ್ಯಾಸ ಮನುಷ್ಯರಲ್ಲಿ ಇರಲಿಲ್ಲ, ಲೆಕ್ಕ ಯಾರ ಕಣ್ಣೆದುರು ನಡೆಯುತ್ತದೆ ಎಂಬುದರಲ್ಲಿತ್ತು. ಹೊಯ್ಸಳ ನಾಡಿನಲ್ಲಿ ಹೆಜ್ಜುಂಕ, ಕಿರುಕುಳ ಎಂಬ ದೊಡ್ಡ, ಸಣ್ಣ ಸುಂಕಗಳ ಒಂದು ಪಾಲನ್ನು ದೇವಾಲಯಕ್ಕೆ ಬಿಟ್ಟದ್ದನ್ನು ಕಲ್ಲಿನಲ್ಲಿ ಕೊರೆಸಿ ಊರ ನಡುವೆ ನಿಲ್ಲಿಸುತ್ತಿದ್ದರು. ನಂದಾದೀಪದ ಎಣ್ಣೆಗೆಂದು ಬಿಟ್ಟ ಸುಂಕ ಬರದಿದ್ದರೆ ಕತ್ತಲಾಗುವುದು ಗರ್ಭಗುಡಿಯಲ್ಲಿ. ಅದನ್ನು ಕೇಳುವ ಮಹಾಜನರು, ನಖರವೆಂಬ ವರ್ತಕ ಸಂಘದ ಸೆಟ್ಟಿಗಳು ಅಲ್ಲೇ ಇದ್ದರು, ಕೇಳಲು ಅವರಿಗೆ ಕಾರಣವೂ ಇತ್ತು. ಆಂಧ್ರದ ಮೋಟುಪಲ್ಲಿ ಬಂದರದಲ್ಲಿ ಕಾಕತೀಯ ಗಣಪತಿದೇವ 1244ರ ಸುಮಾರಿಗೆ ನಿಲ್ಲಿಸಿದ ಅಭಯಶಾಸನ, ಬಿರುಗಾಳಿಗೆ ಸಿಕ್ಕಿ ದಡ ಸೇರಿದ ಹಡಗಿನ ಸರಕನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು, ಸುಂಕದ ದರವನ್ನು ಎಲ್ಲರಿಗೂ ಕಾಣುವಂತೆ ಸಾರುತ್ತದೆ. ಕಲ್ಲು ಕೊರೆಸಿದ ಮಾತ್ರಕ್ಕೆ ಸುಂಕದ ಹೆಗ್ಗಡೆ ಸತ್ಯವಂತನಾಗುವುದಿಲ್ಲ ಎನ್ನಬಹುದು. ನಿಜ. ಆದರೆ ದರ ಗೊತ್ತಿದ್ದವನಿಂದ ಹೆಚ್ಚು ಕೀಳುವುದು ಕಷ್ಟ. ಕಾರ್ತಾಜಿನ ಲೆಕ್ಕವೋ ಕೊಡುವವನನ್ನೂ ಕೊಳ್ಳುವವನನ್ನೂ ಬಿಟ್ಟು ಮೂರನೆಯವನಿಗೆ ತಿಳಿಯುತ್ತಿರಲಿಲ್ಲ; ಅದನ್ನು ಕೇಳಬೇಕಾದ ಯಜಮಾನ ಆಫ್ರಿಕ ಸುತ್ತಿ ಹೋಗಬೇಕಾದ ಲಿಸ್ಬನ್ನಿನಲ್ಲಿದ್ದ.

ಇನ್ನೊಂದು ಆಕ್ಷೇಪಣೆ ಇದಕ್ಕೆ ಎದುರು ದಿಕ್ಕಿನಿಂದ ಬರುತ್ತದೆ. ಪರಂಗಿಯವರ ಅನ್ಯಾಯದ ಕಾನೂನನ್ನು ಮುರಿದದ್ದು ಪ್ರತಿಭಟನೆಯಲ್ಲವೇ, ಅದನ್ನು ಕಳ್ಳತನವೆಂದು ಯಾಕೆ ಕರೆಯಬೇಕು ಎಂಬುದು ಅದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ನೆನಪು ಈ ಭಾವನೆಗೆ ಬಲ ಕೊಡುತ್ತದೆ. ಪೋರ್ಚುಗೀಸರೇ ಅವಳನ್ನು ಮೆಣಸಿನ ರಾಣಿ ಎಂದು ಕರೆದರು. 1623ರಲ್ಲಿ ಪಾಳುಬಿದ್ದ ಗೇರುಸೊಪ್ಪೆಯನ್ನು ನೋಡಿದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಾಲೆ ಆ ಹೆಸರನ್ನು ದಾಖಲಿಸಿದ್ದಾನೆ. ಬಸರೂರಿನ ಸೆಟ್ಟಿಗಳು ತಮ್ಮ ಪಟ್ಟಣವನ್ನು ತಾವೇ ನಡೆಸಿಕೊಳ್ಳುತ್ತಿದ್ದರು. ಅಳಿವೆಯ ಬಾಯಲ್ಲಿ ಪೋರ್ಚುಗೀಸ್ ಕೋಟೆ ಕುಳಿತ ಮೇಲೂ ಒಳಗಿನ ಪೇಟೆ ಅವರ ಕೈಯಲ್ಲೇ ಇತ್ತು. ಅವರ ಜಾಣತನ, ಎದೆಗಾರಿಕೆ ಮೆಚ್ಚಬೇಕಾದದ್ದೇ. ಆದರೆ ಕಪ್ತಾನನಿಗೆ ಗುಟ್ಟಾಗಿ ಹಣ ಕೊಟ್ಟು ಹಡಗು ಬಿಡಿಸಿಕೊಂಡ ವರ್ತಕ ಆ ಕಾನೂನನ್ನು ಮುರಿಯಲಿಲ್ಲ, ಅದಕ್ಕೆ ಬಾಡಿಗೆ ಕಟ್ಟಿದ. ಹಣವಿದ್ದ ದೊಡ್ಡ ಸೆಟ್ಟಿಗೆ ಬಾಗಿಲು ತೆರೆಯಿತು. ಒಂದೇ ಮಂಜಿಯಲ್ಲಿ ಅಕ್ಕಿ ಹೇರಿಕೊಂಡು ಹೋಗುವ ಬಡವನ ದೋಣಿ ಚೀಟಿ ಇಲ್ಲವೆಂದು ಜಪ್ತಿಯಾಯಿತು. ಈ ಗುಟ್ಟಿನ ಖರ್ಚನ್ನೆಲ್ಲ ವರ್ತಕ ತನ್ನ ಲಾಭದಿಂದ ಕಳೆದುಕೊಂಡನೆಂದು ನಂಬಲು ಕಾರಣವಿಲ್ಲ. ಘಟ್ಟದ ಮೇಲೆ ಮರಕ್ಕೆ ಏಣಿ ಹಚ್ಚಿ ಮೆಣಸು ಕೊಯ್ದವನ ಬೆಲೆಯಲ್ಲಿ ಅದು ಮುರಿದುಹೋಗುತ್ತಿತ್ತು. ಮಲೆನಾಡು ತೆತ್ತ ಈ ಸುಂಕಕ್ಕೆ ಮಾತ್ರ ಶಾಸನವಿಲ್ಲ.

ಒಳಗಿನಿಂದ ಹೀಗೆ ಸೋರುತ್ತಿದ್ದ ಪಾತ್ರೆ ಎಷ್ಟು ದಿನ ತುಂಬಿದ್ದೀತು? ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದ ಮೇಲೆ ಮೆಣಸಿನ ಸೀಮೆಗೆ ಒಬ್ಬನೇ ಯಜಮಾನನಾದ. ದೆಲ್ಲ ವಾಲೆ ಇಕ್ಕೇರಿಗೆ ಬಂದದ್ದೇ ಅವನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೆ. ಮೆಣಸೂ ಅದರ ಹಣವೂ ಆ ಮಾತುಕತೆಯ ತಿರುಳು. ಕಡಲ ಒಡೆಯರೆನಿಸಿಕೊಂಡವರು ಘಟ್ಟದ ಅರಸನ ಬಾಗಿಲಲ್ಲಿ ನಿಂತಿದ್ದರು. 1628ರಲ್ಲಿ ಲಿಸ್ಬನ್ನಿನಲ್ಲಿ ಡಚ್ಚರ, ಇಂಗ್ಲಿಷರ ಮಾದರಿಯ ಕಂಪನಿಯೊಂದನ್ನು ಕಟ್ಟಿ ಮೆಣಸಿನ ವ್ಯಾಪಾರವನ್ನು ಎತ್ತಿಹಿಡಿಯಲು ನೋಡಿದರು. 1633ರಲ್ಲಿ ಅದು ಮುಚ್ಚಿತು. ಹುದ್ದೆ ಮಾರುವ ಪದ್ಧತಿಯನ್ನು ಹಾಗೇ ಉಳಿಸಿಕೊಂಡು ಮೇಲೊಂದು ಹೊಸ ಹೆಸರಿನ ಹಲಗೆ ತೂಗುಹಾಕಿದ್ದರಿಂದ ಏನೂ ಬದಲಾಗುವಂತಿರಲಿಲ್ಲ. 1650ರ ದಶಕದ ಮೊದಲ ವರ್ಷಗಳಲ್ಲಿ ಕೆಳದಿಯ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಮಂಗಳೂರುಗಳಿಂದ ಅವರನ್ನು ಎಬ್ಬಿಸಿದ. ವಿಜಯನಗರದ ಕೊನೆಯ ದೊರೆ ಶ್ರೀರಂಗರಾಯನಿಗೆ ಬೇಲೂರಿನಲ್ಲಿ ನೆಲೆ ಕೊಟ್ಟವನೂ ಇವನೇ. ಬೇಲೂರಿನ ಮಲೆಯೂ ಬಸರೂರಿನ ಅಳಿವೆಯೂ ಒಂದೇ ಕೈಗೆ ಸೇರಿದ ಆ ಗಳಿಗೆಯಲ್ಲಿ, ಬೆಳೆಯುವ ನೆಲ ಮತ್ತು ಹೊರಡುವ ದಾರಿ ಎರಡೂ ಕನ್ನಡದ ಅರಸೊತ್ತಿಗೆಯೊಂದರ ಕಣ್ಣಳತೆಯಲ್ಲಿದ್ದವು. ಅಂಜದೀವ ಮಾತ್ರ ಅದಕ್ಕೆ ಹೊರಗೇ ಉಳಿಯಿತು. 1682ರಲ್ಲಿ ಪೋರ್ಚುಗೀಸರು ಅಲ್ಲಿ ಮತ್ತೆ ಕೋಟೆ ಕಟ್ಟಿದರು. 1961ರ ಡಿಸೆಂಬರ್‌ನಲ್ಲಿ ಭಾರತದ ನೌಕಾಪಡೆ 7 ಮಂದಿ ನಾವಿಕರನ್ನು ಕಳೆದುಕೊಂಡು ಅದನ್ನು ಬಿಡಿಸಿಕೊಳ್ಳುವವರೆಗೂ ಅದು ಅವರದೇ ಆಗಿತ್ತು.

ಇದು ಮುಗಿದ ಕಾಲದ ಕಥೆಯಾಗಿದ್ದರೆ ಇಷ್ಟು ಉದ್ದಕ್ಕೆ ಬರೆಯುವ ಅಗತ್ಯವಿರಲಿಲ್ಲ. ಅಂಜದೀವದಿಂದ ದಕ್ಷಿಣಕ್ಕೆ ಅನತಿ ದೂರದಲ್ಲಿ, ಅಂಕೋಲ ತಾಲ್ಲೂಕಿನಲ್ಲಿ, ಬೇಲೇಕೇರಿ ಬಂದರವಿದೆ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ, ಹೊಸಪೇಟೆ, ಸಂಡೂರಿನ ಕಬ್ಬಿಣದ ಅದಿರು ಲಾರಿಗಳಲ್ಲಿ ಘಟ್ಟವಿಳಿದು ಇಲ್ಲಿಂದ ಚೀನಾಕ್ಕೆ ಹೋಯಿತು. ದರ, ಚೀಟಿ, ಕಾವಲು ಎಂಬ ಹಳೆಯ ಮೂರೂ ಎಳೆಗಳು ಇಲ್ಲಿ ಮತ್ತೆ ಹೆಣೆದುಕೊಂಡವು. ಮಾರುಕಟ್ಟೆಯಲ್ಲಿ ಟನ್ನಿಗೆ ಸಾವಿರಗಳ ಲೆಕ್ಕದಲ್ಲಿ ಬೆಲೆಯಿದ್ದಾಗ, ಸರ್ಕಾರಕ್ಕೆ ಬರುತ್ತಿದ್ದ ರಾಜಧನ ಉತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ ಮಾತ್ರ. 2009ರ ಆಗಸ್ಟ್‌ನಲ್ಲಷ್ಟೇ ಅದು ಬೆಲೆಯ ಶೇಕಡ 10 ಆಯಿತು. ರಹದಾರಿಯ ಜಾಗದಲ್ಲಿ ಪರ್ಮಿಟ್ ಬಂತು, ಚೀಟಿಯಲ್ಲಿ ಬರೆದ ತೂಕಕ್ಕೂ ಲಾರಿಯಲ್ಲಿದ್ದ ತೂಕಕ್ಕೂ ಸಂಬಂಧ ತಪ್ಪಿತು. 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಇಲ್ಲಿ ಸುಮಾರು 5 ಲಕ್ಷ ಟನ್ ಅದಿರನ್ನು ಜಪ್ತಿ ಮಾಡಿ, ಬಂದರದ ಸುಪರ್ದಿಗೆ ಒಪ್ಪಿಸಿತು. ಜೂನ್ ಹೊತ್ತಿಗೆ ಆ ರಾಶಿಗಳು ಕರಗಿ ಹೋಗಿದ್ದವು. 5 ಲಕ್ಷ ಟನ್ ಎಂದರೆ ರಾತ್ರೋರಾತ್ರಿ ಮೂಟೆ ಹೊತ್ತು ಓಡುವ ಸರಕಲ್ಲ. ಹಡಗು ಬರಬೇಕು, ಸುಂಕದ ಕಾಗದ ಆಗಬೇಕು, ಕ್ರೇನು ಓಡಬೇಕು. ಕಾವಲಿಗೆ ಒಪ್ಪಿಸಿದ ವಸ್ತು ಕಾವಲಿನ ಕೈಯಿಂದಲೇ ಸಾಗಿಹೋಯಿತು. ಜಪ್ತಿ ಮಾಡಿಸಿದ ಅರಣ್ಯಾಧಿಕಾರಿಯ ಅಮಾನತಿನ ಪ್ರಶ್ನೆ ಎದ್ದಾಗ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2010ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಆಮೇಲೆ ಹಿಂತೆಗೆದುಕೊಂಡರು. 2011ರ ಜುಲೈನಲ್ಲಿ ಅವರು ಸಲ್ಲಿಸಿದ ವರದಿಯಲ್ಲಿ ಬಂದರದ ಕಚೇರಿಗಳಿಗೆ ಹಂಚಿದ ಲಂಚದ ಲೆಕ್ಕವೂ ಸೇರಿತ್ತು. ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಕಾರವಾರದ ಶಾಸಕರಿಗೂ ಆಗಿನ ಬಂದರು ಅಧಿಕಾರಿ ಮೊದಲಾದವರಿಗೂ 7 ವರ್ಷಗಳ ಸಜೆ ವಿಧಿಸಿತು. ಮುಂದಿನ ತಿಂಗಳು ಹೈಕೋರ್ಟ್ ಶಾಸಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಎರಡೂ ಕಾಲಗಳನ್ನು ಹೀಗೆ ಪಕ್ಕಪಕ್ಕ ಇಡುವುದು ಸರಿಯಲ್ಲ ಎಂದೂ ಹೇಳಬಹುದು: ಅಂದು ಪರದೇಶದ ದೊರೆಯ ಏಕಸ್ವಾಮ್ಯ, ಇಂದು ನಾವೇ ಆರಿಸಿದ ಸರ್ಕಾರದ ಕಾನೂನು, ಅಂದಿನ ಚೀಟಿ ದೋಚುವುದಕ್ಕೆ, ಇಂದಿನ ಪರ್ಮಿಟ್ ಕಾಡು ಉಳಿಸುವುದಕ್ಕೆ. ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಬೇಲೇಕೇರಿಯನ್ನು ಅಂಜದೀವಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಆ ಕಾರಣಕ್ಕೇ. ಅಂದು ಕಳ್ಳದಾರಿಯಲ್ಲಿ ಹೋದದ್ದು ಲಿಸ್ಬನ್ನಿನ ದೊರೆ ತನ್ನದೆಂದುಕೊಂಡಿದ್ದ ಸರಕು. ಇಂದು ಹೋದದ್ದು ಎಲ್ಲರ ಹೆಸರಿನಲ್ಲಿ ಜಪ್ತಿಯಾಗಿದ್ದ, ಎಲ್ಲರದೂ ಆಗಿದ್ದ ನೆಲದ ಅದಿರು. ಪರಂಗಿ ಕಪ್ತಾನ ಎಷ್ಟೇ ಮೆಣಸನ್ನು ಬಚ್ಚಿಟ್ಟು ಸಾಗಿಸಿದ್ದರೂ ಮರುಮಳೆಗೆ ಮಲೆನಾಡಿನ ಬಳ್ಳಿ ಮತ್ತೆ ಚಿಗುರಿ ಕರೆ ಬಿಟ್ಟಿತು. ಸಂಡೂರಿನ ಗುಡ್ಡದಿಂದ ಅಗೆದು ಒಯ್ದ ಕೆಂಪು ಮಣ್ಣು ಯಾವ ಮಳೆಗೂ ಮತ್ತೆ ಬೆಳೆಯುವುದಿಲ್ಲ.